ಬಿಲ್ಲಿನ ಮೇಲೆ 28, ಬೆರಳಿನ ಮೇಲೆ 21: ಗಿಡ್ಡ ಎಳೆತದ ಹುಡುಗಿಗೆ ಬಿಲ್ಲು ಆರಿಸಿದ ಪ್ರಕರಣ

ಕಳೆದ ಜೂನ್‌ನಲ್ಲಿ ಗುಳೇದಗುಡ್ಡದಿಂದ ಒಬ್ಬ ನೇಕಾರರು ತಮ್ಮ ಮಗಳನ್ನು ಕರೆದುಕೊಂಡು ಬಾಗಲಕೋಟೆಗೆ ಬಂದರು. ನವನಗರದ ಒಂದು ಮೈದಾನದಲ್ಲಿ ನಾನು ಮಕ್ಕಳಿಗೆ ಬಿಲ್ಲುಗಾರಿಕೆ ಹೇಳಿಕೊಡುತ್ತೇನೆ. ಹುಡುಗಿಗೆ 13 ವರ್ಷ. ಎತ್ತರ 146 ಸೆಂಟಿಮೀಟರ್. ಹೆಗಲ ಮೇಲಿದ್ದ ಬಿಲ್ಲಿನ ಚೀಲ ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಅಪ್ಪ ಮಾತು ಶುರು ಮಾಡಿದ್ದೇ ಹೀಗೆ: "ಸರ್ರ, ಇಕಿ ಕೈ ಗಿಡ್ಡ ಅದಾವಂತ. ಈ ಆಟ ಇಕಿಗೆ ಆಗೂದಿಲ್ಲಂತ. ಖರೇ ಏನ್ರಿ?"

ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಆ ಮಾತನ್ನು ಅವಳು ಅದಾಗಲೇ ಬಹಳ ಸಲ ಕೇಳಿದ್ದಳು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಅವಳು ಶುರು ಮಾಡಿದ್ದು ಬಿದಿರಿನ ಬಿಲ್ಲಿನಿಂದ. ನಮ್ಮಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗ ಇದೆ. ಬಿದಿರಿನ ಬಿಲ್ಲು, ಗುರಿ ಹಿಡಿಯುವ ಸೈಟ್ ಇಲ್ಲ, ಎಳೆದದ್ದು ಸಾಕು ಅಂತ ಸದ್ದು ಮಾಡುವ ಕ್ಲಿಕ್ಕರ್ ಇಲ್ಲ, 50 ಮತ್ತು 30 ಮೀಟರ್ ದೂರ. ಅದರಲ್ಲಿ ಚೆನ್ನಾಗಿ ಬಿಡುತ್ತಿದ್ದಳು. ಆಮೇಲೆ ರಿಕರ್ವ್‌ಗೆ, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಒಲಿಂಪಿಕ್ ಬಗೆಯ ಬಿಲ್ಲಿಗೆ ಬಂದಳು. ಮನೆಯವರು ಸಾಲ ಮಾಡಿ ಬಿಲ್ಲು ಕೊಡಿಸಿದರು. ಮಾರಿದವರು ಅವಳ ಕೈ ಅಳೆಯಲಿಲ್ಲ. "ಬೆಳೆಯೋ ಹುಡುಗಿ, ದೊಡ್ಡದೇ ತೊಗೊಳ್ರಿ, ಮುಂದ ಬರ್ತೈತಿ" ಅಂದರಂತೆ. ದೀಪಾವಳಿಗೆ ಲಂಗ ತರುವಾಗ ನಾವೆಲ್ಲ ಹೀಗೇ ಮಾಡುತ್ತೇವೆ, ಒಂದು ಮಡಿಕೆ ಜಾಸ್ತಿ ಬಿಡಿಸಿ ಹೊಲಿಸುತ್ತೇವೆ. ಬಿಲ್ಲಿಗೆ ಆ ಲೆಕ್ಕ ನಡೆಯುವುದಿಲ್ಲ. ಏಕೆ ನಡೆಯುವುದಿಲ್ಲ ಅನ್ನುವುದನ್ನು ಅಂಕಿ ಸಮೇತ ಬರೆದಿಡಬೇಕು ಅನ್ನಿಸಿತು. ಇಂಥ ಮಕ್ಕಳು ನಮ್ಮ ಕಡೆ ಜಾಸ್ತಿ ಇದ್ದಾರೆ.

ಮೊದಲ ದಿನ ಕಂಡದ್ದು

ಬಿಲ್ಲು ಕೆಟ್ಟದ್ದೇನಲ್ಲ. 25 ಇಂಚಿನ ಅಲ್ಯುಮಿನಿಯಂ ರೈಸರ್ (ಹಿಡಿ ಇರುವ ನಡುಭಾಗ), ಮೀಡಿಯಂ ಲಿಂಬ್ (ಮೇಲೆ ಕೆಳಗೆ ಬಾಗುವ ತೋಳುಗಳು), ಎರಡೂ ಸೇರಿ 68 ಇಂಚಿನ ಬಿಲ್ಲು. ಅಂದರೆ ಹತ್ತಿರ ಹತ್ತಿರ 173 ಸೆಂಟಿಮೀಟರ್. ಹುಡುಗಿಗಿಂತ ಒಂದು ಗೇಣಿಗೂ ಮಿಕ್ಕಿ ಉದ್ದ. ಲಿಂಬ್ ಮೇಲೆ 28 ಪೌಂಡ್ ಅಂತ ಬರೆದಿತ್ತು. ಹೆದೆ ಎಳೆದು ಹಿಡಿಯಲು ಬೇಕಾದ ಬಲ ಅದು, ಅದಕ್ಕೇ ಬಿಲ್ಲಿನ ತೂಕ ಅನ್ನುತ್ತೇವೆ. ಬಾಣಗಳು ಕಾರ್ಬನ್, 29 ಇಂಚು, ಸ್ಪೈನ್ (ಬಾಣ ಎಷ್ಟು ಬಾಗುತ್ತದೆ ಅನ್ನುವ ಅಂಕಿ) 900.

ಹತ್ತು ಬಾಣ ಬಿಡು ಅಂದೆ. ನಾನು ಮಾತಾಡದೆ ಪಕ್ಕದಲ್ಲಿ ನಿಂತೆ. ಹೆದೆ ಎಳೆಯುವಾಗ ಅವಳ ಎಡ ಭುಜ ಕಿವಿಯ ಕಡೆ ಏರುತ್ತಿತ್ತು. ಸೊಂಟ ಗುರಿಯ ಕಡೆ ಜಾರಿ, ಎದೆ ಹಿಂದಕ್ಕೆ ವಾಲುತ್ತಿತ್ತು. ಗದ್ದದ ಕೆಳಗೆ ನಿಲ್ಲಬೇಕಾದ ಕೈ ದವಡೆ ದಾಟಿ ಕಿವಿಯ ಬುಡದವರೆಗೆ ಹೋಗುತ್ತಿತ್ತು. ಕೊನೆಗೆ ತಲೆಯನ್ನೂ ಹಿಂದಕ್ಕೆ ಒಯ್ಯುತ್ತಿದ್ದಳು. ಪ್ರತಿ ಬಾಣಕ್ಕೂ ಇದೇ. 30 ಮೀಟರ್‌ನಲ್ಲಿ ಬಾಣಗಳು ಗುರಿಯ ಎಡಕ್ಕೇ ಹೋಗುತ್ತಿದ್ದವು. ದೂರ ಹೆಚ್ಚಾದಷ್ಟೂ, ಬಾಣ ನಿಧಾನವಾದಷ್ಟೂ ಸೈಟ್‌ನಲ್ಲಿ ಗುರಿ ಹಿಡಿಯುವ ಪಿನ್ ಕೆಳಗೆ ಇಳಿಸಬೇಕು. ಅವಳ ಪಿನ್ ಆ ದೂರಕ್ಕೇ ಬಹಳ ಕೆಳಗೆ ಇಳಿದಿತ್ತು. 40 ಮೀಟರ್‌ಗೆ ಇಳಿಸಿದಾಗ ಬಾಣದ ಗರಿ ಸೈಟ್‌ಗೆ ತಾಗಿತು. 50 ಮೀಟರ್‌ಗೆ ಪಿನ್ ಇಡಲು ಜಾಗವೇ ಇರಲಿಲ್ಲ.

ಯಾಕೆ ಅಷ್ಟು ಹಿಂದಕ್ಕೆ ಎಳೆಯುತ್ತೀ ಅಂತ ಕೇಳಿದೆ. "ಇನ್ನೂ ಎಳಿ, ಇನ್ನೂ ಎಳಿ ಅಂತಿದ್ರು ಸರ್. ಇಲ್ಲಂದ್ರ ಬಾಣ ಮುಟ್ಟೂದಿಲ್ಲ ಅಂತಿದ್ರು" ಅಂದಳು.

ಹೇಳಿದವರ ಮಾತು ಒಂದು ಅರ್ಥದಲ್ಲಿ ಸರಿಯೇ. ಜಾಸ್ತಿ ಎಳೆದರೆ ಬಾಣ ದೂರ ಹೋಗುತ್ತದೆ. ಆದರೆ ಆ ಒಂದು ಇಂಚಿಗಾಗಿ ಹುಡುಗಿ ಭುಜ, ಬೆನ್ನು, ಕತ್ತು ಎಲ್ಲವನ್ನೂ ಒತ್ತೆ ಇಟ್ಟಿದ್ದಳು. ದಿನಕ್ಕೆ ನೂರು ಬಾಣ ಹೀಗೆ ಬಿಟ್ಟರೆ ಆ ಭುಜ ಎಷ್ಟು ದಿನ ತಡೆದೀತು?

ಅಳತೆ, ಮತ್ತು ನಾನು ಮಾಡಿದ ಒಂದು ತಪ್ಪು

ಹೆದೆಯನ್ನು ಎಷ್ಟು ಹಿಂದಕ್ಕೆ ಎಳೆಯುತ್ತೇವೆ ಅನ್ನುವುದೇ ಎಳೆತ. ರಿಕರ್ವ್‌ನಲ್ಲಿ ಅದನ್ನು ಎಲ್ಲರೂ ಒಂದೇ ರೀತಿ ಅಳೆಯುತ್ತಾರೆ. ಪೂರ್ತಿ ಎಳೆದು ನಿಂತಾಗ ಹೆದೆಯ ಮೇಲೆ ಬಾಣದ ನಾಕ್ (ಹೆದೆಗೆ ಸಿಕ್ಕಿಸುವ ಹಿಂದಿನ ಸೀಳು) ಕೂರುವ ಜಾಗದಿಂದ ಬಿಲ್ಲಿನ ಹಿಡಿಯ ಅತ್ಯಂತ ಆಳದ ಬಿಂದುವಿನವರೆಗೆ ಎಷ್ಟು ಇಂಚು ಇದೆಯೋ ಅದಕ್ಕೆ 1.75 ಇಂಚು ಕೂಡಿಸಬೇಕು. ಬಿಲ್ಲು ತಯಾರಕರ ಸಂಘವೊಂದರ ಹೆಸರಿನಿಂದ ಇದಕ್ಕೆ ಏಎಂಒ ಅಳತೆ ಅನ್ನುತ್ತಾರೆ. ಲಿಂಬ್ ಮೇಲೆ ಬರೆದ ಪೌಂಡ್ ಈ ಅಳತೆಯಲ್ಲಿ 28 ಇಂಚು ಎಳೆದಾಗಿನದ್ದು. ಅಷ್ಟು ಎಳೆಯದವರಿಗೆ ಆ ಅಂಕಿ ಅನ್ವಯಿಸುವುದೇ ಇಲ್ಲ.

ನಾನು ಮೊದಲು ಅವಳದೇ ಬಿಲ್ಲಿನಲ್ಲಿ ಅಳೆದೆ. 25 ಇಂಚು ಬಂತು. ಬರೆದುಕೊಂಡೆ. ಅದೇ ನನ್ನ ತಪ್ಪು. ಅದು ಹುಡುಗಿಯ ಎಳೆತ ಅಲ್ಲ, ಆ ಬಿಲ್ಲು ಅವಳಿಂದ ಹಿಂಡಿ ತೆಗೆದ ಎಳೆತ. ಆ ಅಂಕಿ ಹಿಡಿದುಕೊಂಡು ಒಂದು ವಾರ ಲಿಂಬ್ ಹುಡುಕಿದೆ. ಮನಸ್ಸಿಗೆ ಒಪ್ಪಲಿಲ್ಲ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಎರಡೂ ಕೈ ಚಾಚಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದೆ. 58 ಇಂಚು. ಅದನ್ನು 2.5ರಿಂದ ಭಾಗಿಸಿದರೆ ಎಳೆತದ ಅಂದಾಜು ಸಿಗುತ್ತದೆ. 23.2 ಬಂತು. 25 ಎಲ್ಲಿ, 23 ಎಲ್ಲಿ!

ಅಂದಾಜನ್ನು ನಂಬಿ ದುಡ್ಡು ಹಾಕಲು ಬರುವುದಿಲ್ಲ. ಹಾಗಾಗಿ ಕಲಿಯುವವರಿಗೆ ಇಟ್ಟ 14 ಪೌಂಡಿನ ಹಗುರ ಬಿಲ್ಲು ಕೊಟ್ಟೆ. ಉದ್ದದ ಒಂದು ಬಾಣದ ಮೇಲೆ ಅರ್ಧರ್ಧ ಇಂಚಿಗೆ ಗೆರೆ ಹಾಕಿದೆ. ಭುಜ ಕೆಳಗೆ, ಕೈ ಗದ್ದದ ಕೆಳಗೆ, ತಲೆ ನೇರ. ಮೂರು ಸಲ ಎಳೆಸಿದೆ. ಮೂರೂ ಸಲ 23.5ರ ಆಸುಪಾಸು. ಆಮೇಲೆ ಮೂರು ವಾರ ಅವಳ ಬಿಲ್ಲು ಮುಟ್ಟಿಸಲಿಲ್ಲ. ರಬ್ಬರ್ ಪಟ್ಟಿ ಮತ್ತು ಆ ಹಗುರ ಬಿಲ್ಲು, ಅಷ್ಟೇ. ಬೆನ್ನಿನಿಂದ ಎಳೆಯುವುದು ಬಂದ ಮೇಲೆ ಮತ್ತೆ ಅಳೆದೆ. 24 ಇಂಚು. ಈ ಅರ್ಧ ಇಂಚು ನ್ಯಾಯವಾಗಿ ಬಂದದ್ದು. ಮುಂದಿನ ಲೆಕ್ಕವೆಲ್ಲ ಈ 24ರ ಮೇಲೆ ನಿಂತಿದೆ.

ಈ ಮೂರು ವಾರ ಅಪ್ಪನಿಗೆ ಸಮಾಧಾನ ಇರಲಿಲ್ಲ. ಬಸ್ಸಿಗೆ ದುಡ್ಡು ಖರ್ಚಾಗುತ್ತಿದೆ, ಮಗಳು ರಬ್ಬರ್ ಎಳೆಯುತ್ತ ಕೂತಿದ್ದಾಳೆ. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಆದರೂ ಇದನ್ನು ಬಿಟ್ಟು ಮುಂದಕ್ಕೆ ಹೋಗಿದ್ದರೆ ಎರಡನೇ ಸಲವೂ ತಪ್ಪು ಬಿಲ್ಲೇ ಬರುತ್ತಿತ್ತು.

ಅದೇ ಬಿಲ್ಲು ಅವಳಿಗೆ ಎಷ್ಟು ಕೊಡುತ್ತಿತ್ತು

ಈಗ ಹಳೆಯ ಬಿಲ್ಲಿನ ಲೆಕ್ಕ. ಪೌಂಡ್ ಅಳೆಯುವ ಮಾಪಕ ನನ್ನ ಹತ್ತಿರ ಆಗ ಇರಲಿಲ್ಲ. ಬಸ್ಸು, ವಿಮಾನಕ್ಕೆ ಹೋಗುವವರು ಬ್ಯಾಗ್ ತೂಗುವ ಕೊಕ್ಕೆಯ ತೂಕದ ಯಂತ್ರ ಇರುತ್ತದಲ್ಲ, ಅದನ್ನು ಬಳಸಿದೆ. ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ಬಾಣದ ಗೆರೆ 24ಕ್ಕೆ ಬರುವವರೆಗೆ ನಿಧಾನ ಎಳೆದು ಓದಬೇಕು. ಹಾಗೇ ನಿಧಾನ ಹಿಂದಕ್ಕೆ ಬಿಡಬೇಕು. ಕೈ ಜಾರಿ ಹೆದೆ ಖಾಲಿ ಹಾರಿದರೆ ಲಿಂಬ್ ಸೀಳಬಹುದು, ಆದ್ದರಿಂದ ಇಬ್ಬರು ಸೇರಿ ಮಾಡಿದೆವು. 9.8 ಕಿಲೋ ತೋರಿಸಿತು. ಅಂದರೆ ಇಪ್ಪತ್ತೊಂದೂವರೆ ಪೌಂಡ್.

28 ಬರೆದ ಬಿಲ್ಲು 21.5 ಆಯಿತು. ಇಂಚಿಗೆ ಒಂದೂವರೆ ಪೌಂಡ್‌ಗಿಂತ ಸ್ವಲ್ಪ ಜಾಸ್ತಿ ಕಳೆದಂತಾಯಿತು. ಕಲಿಯುವವರ ಹಗುರ ಬಿಲ್ಲುಗಳಲ್ಲಿ ಇದು ಸಹಜ. ಇನ್ನೂ ಗಟ್ಟಿ ಬಿಲ್ಲುಗಳಲ್ಲಿ ಇಂಚಿಗೆ ಎರಡು ಪೌಂಡ್ ಲೆಕ್ಕ ಹಿಡಿಯುತ್ತಾರೆ.

ನಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಬಾಣಕ್ಕೆ ಬಲ ಸಿಗುವುದು ಎಳೆದ ಜಾಗದಿಂದ ಹೆದೆ ಮತ್ತೆ ತನ್ನ ಜಾಗಕ್ಕೆ ಬರುವವರೆಗಿನ ಓಟದಲ್ಲಿ. ಹೆದೆ ಏರಿಸಿದ ಬಿಲ್ಲಿನಲ್ಲಿ ಹಿಡಿಯಿಂದ ಹೆದೆಗೆ ಇರುವ ಅಂತರಕ್ಕೆ ಬ್ರೇಸ್ ಹೈಟ್ ಅನ್ನುತ್ತೇವೆ. ಅವಳ ಬಿಲ್ಲಿನಲ್ಲಿ ಅದು 8.75 ಇಂಚು ಇತ್ತು. 28 ಇಂಚು ಎಳೆಯುವವರಿಗೆ ಹಿಡಿಯಿಂದ ನಾಕ್‌ವರೆಗೆ 26.25 ಇಂಚು. ಅದರಲ್ಲಿ 8.75 ಕಳೆದರೆ 17.5 ಇಂಚಿನ ಓಟ. ಈ ಹುಡುಗಿಗೆ 22.25ರಲ್ಲಿ 8.75 ಹೋಗಿ 13.5 ಇಂಚು ಉಳಿಯಿತು. ಓಟದಲ್ಲಿ ನೂರಕ್ಕೆ 77 ಪಾಲು, ಬಲದಲ್ಲೂ ನೂರಕ್ಕೆ 77 ಪಾಲು. ಎರಡನ್ನೂ ಗುಣಿಸಿದರೆ ನೂರಕ್ಕೆ 60ರ ಹತ್ತಿರ. ಇದು ಒರಟು ಲೆಕ್ಕ ಹೌದು, ಆದರೆ ವಿಷಯ ತಿಳಿಸಲು ಸಾಕು. ಎತ್ತರದ ಬಿಲ್ಲುಗಾರ್ತಿ ಅದೇ ಬಿಲ್ಲಿನಿಂದ ಪಡೆಯುವ ಶಕ್ತಿಯಲ್ಲಿ ಮುಕ್ಕಾಲು ಪಾಲೂ ಇವಳ ಬಾಣಕ್ಕೆ ಸಿಗುತ್ತಿರಲಿಲ್ಲ. ಆ ಶಕ್ತಿಯಲ್ಲಿ ಅವಳು ಎತ್ತರದವರಿಗೆ ಸರಿಯಾದ 29 ಇಂಚಿನ ಭಾರದ ಬಾಣವನ್ನು ದೂಡುತ್ತಿದ್ದಳು. ಪಿನ್ ನೆಲ ಕಾಣದೆ ಇನ್ನೇನು ಮಾಡೀತು?

ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಪ್ಪನಿಗೆ ತೋರಿಸಿದೆ. ಮಗ್ಗದವರಿಗೆ ಇಂಚು, ಎಳೆ, ಬಿಗಿತ ಹೊಸದಲ್ಲ. ಎರಡು ನಿಮಿಷ ನೋಡಿ, "ಅಂದ್ರ ಕೈ ಗಿಡ್ಡ ಅಲ್ರಿ, ಬಿಲ್ಲ ಉದ್ದ ಐತಿ" ಅಂದರು. ಹುಡುಗಿ ಅವತ್ತು ಮೊದಲ ಸಲ ತಲೆ ಎತ್ತಿ ನೋಡಿದಳು.

ನಾಲ್ಕು ಬಿಲ್ಲು, ಒಂದೇ ಬೆಳಿಗ್ಗೆ

ಈಗಿನ ರಿಕರ್ವ್ ಬಿಲ್ಲುಗಳ ದೊಡ್ಡ ಅನುಕೂಲ ಐಎಲ್‌ಎಫ್ ಜೋಡಣೆ. ಅಮೆರಿಕದ ಹೊಯ್ಟ್ ಕಂಪನಿಯಿಂದ ಬಂದ ಜೋಡಣೆ ಅದು, ಈಗ ಬೇರೆ ಬೇರೆ ಕಂಪನಿಗಳೂ ಅದನ್ನೇ ಬಳಸುತ್ತವೆ. ಒಬ್ಬರ ರೈಸರ್‌ಗೆ ಇನ್ನೊಬ್ಬರ ಲಿಂಬ್ ಹಾಕಬಹುದು. 25 ಇಂಚಿನ ರೈಸರ್‌ಗೆ ಶಾರ್ಟ್ ಲಿಂಬ್ ಹಾಕಿದರೆ 66 ಇಂಚಿನ ಬಿಲ್ಲು, ಮೀಡಿಯಂ ಹಾಕಿದರೆ 68, ಲಾಂಗ್ ಹಾಕಿದರೆ 70. ರೈಸರ್ 23 ಇಂಚಿನದಾದರೆ ಇವೆಲ್ಲ ಎರಡೆರಡು ಇಂಚು ಕಡಿಮೆ: 64, 66, 68.

ಬೆಳಗಾವಿಯಲ್ಲಿ ಬಿಲ್ಲುಗಾರಿಕೆ ಹೇಳಿಕೊಡುವ ಗೆಳೆಯರೊಬ್ಬರಿಂದ ಒಂದು 23 ಇಂಚಿನ ರೈಸರ್ ಮತ್ತು 28 ಬರೆದ ಒಂದು ಜೊತೆ ಶಾರ್ಟ್ ಲಿಂಬ್ ಎರವಲು ತಂದೆ. ನಮ್ಮಲ್ಲೇ 62 ಇಂಚಿನ ಮರದ ಬಿಲ್ಲು ಇತ್ತು, 24 ಬರೆದದ್ದು. ಗಾಳಿ ಏಳುವ ಮೊದಲು, ಬೆಳಿಗ್ಗೆ ಆರಕ್ಕೆ ಶುರು ಮಾಡಿದೆವು. ಆಷಾಢದ ಗಾಳಿ ಎಂಟಕ್ಕೆಲ್ಲ ಬಂದುಬಿಡುತ್ತದೆ, ಆಮೇಲೆ ಯಾವ ಪರೀಕ್ಷೆಯೂ ಬೇಡ.

ಬಾಣದ ವೇಗ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಆದರೆ ಸೈಟ್ ಇದೆಯಲ್ಲ. 18 ಮೀಟರ್‌ಗೆ ಪಿನ್ ಎಲ್ಲಿ ನಿಲ್ಲುತ್ತದೆ, 30 ಮೀಟರ್‌ಗೆ ಎಲ್ಲಿ ನಿಲ್ಲುತ್ತದೆ, ಎರಡರ ನಡುವಿನ ಅಂತರ ನೋಡಿದರೆ ಸಾಕು. ಬಾಣ ಜೋರಾಗಿ ಹೋದಷ್ಟೂ ಆ ಅಂತರ ಕಡಿಮೆ. ಹಳ್ಳಿ ಮೈದಾನದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

68ರ ಹಳೆಯ ಬಿಲ್ಲು 21.5 ಪೌಂಡ್ ಅಂತ ಆಗಲೇ ಗೊತ್ತಿತ್ತು. 25ರ ರೈಸರ್‌ಗೆ ಶಾರ್ಟ್ ಲಿಂಬ್ ಹಾಕಿ 66 ಮಾಡಿದಾಗ 22 ಬಂತು. ತೂಕದಲ್ಲಿ ವ್ಯತ್ಯಾಸ ಇಲ್ಲ ಅಂತಲೇ ಹೇಳಬೇಕು. ಅದೇ ಶಾರ್ಟ್ ಲಿಂಬ್ ಅನ್ನು 23ರ ರೈಸರ್‌ಗೆ ಹಾಕಿ 64 ಮಾಡಿದಾಗ 23.5 ಆಯಿತು. ಲಿಂಬ್ ಮೇಲಿನ ಅಂಕಿಯನ್ನು 25 ಇಂಚಿನ ರೈಸರ್‌ಗೆ ಹಿಡಿದು ಬರೆದಿರುತ್ತಾರೆ. ರೈಸರ್ ಗಿಡ್ಡವಾದರೆ 28 ಇಂಚಿನ ಎಳೆತದಲ್ಲಿ ಸುಮಾರು ಎರಡು ಪೌಂಡ್ ಏರುತ್ತದೆ, ಅದೇ ಲಿಂಬ್ ಜಾಸ್ತಿ ಬಾಗುತ್ತದೆ. ಈ ಮಾತನ್ನು ಬಿಲ್ಲು ಕೊಳ್ಳುವವರು ಗಟ್ಟಿಯಾಗಿ ನೆನಪಿಡಬೇಕು. ಬಹಳ ತಂದೆತಾಯಿ ಇಲ್ಲೇ ಮೋಸ ಹೋಗುತ್ತಾರೆ, ಒಮ್ಮೊಮ್ಮೆ ಹಗುರ ಕೊಂಡು, ಒಮ್ಮೊಮ್ಮೆ ಭಾರ ಕೊಂಡು.

ಬರೀ ತೂಕ ಹೆಚ್ಚಾದ್ದರಿಂದ ಬಾಣ ಜೋರಾಯಿತೋ, ಬಿಲ್ಲು ಗಿಡ್ಡವಾದ್ದರಿಂದಲೋ? ಅದು ತಿಳಿಯಲು 64ರ ಬಿಲ್ಲಿನಲ್ಲಿ ಲಿಂಬ್ ಅನ್ನು ರೈಸರ್‌ಗೆ ಬಿಗಿಯುವ ಬೋಲ್ಟ್ ಸಡಿಲಿಸಿ ಅದನ್ನೂ 22ಕ್ಕೆ ಇಳಿಸಿದೆ. ಆಗಲೂ 30 ಮೀಟರ್‌ನ ಪಿನ್ 66ರ ಬಿಲ್ಲಿಗಿಂತ ಎರಡು ಮೂರು ಮಿಲಿಮೀಟರ್ ಮೇಲೆಯೇ ನಿಂತಿತು. ಲಾಭ ಇದೆ, ಆದರೆ ಸಣ್ಣದು. ಬಿಲ್ಲು ಗಿಡ್ಡ ಮಾಡಿದರೆ ಬಾಣ ರಾಕೆಟ್ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನನ್ನ ಮನಸ್ಸು ಗೆದ್ದದ್ದು ಬೇರೆ ವಿಷಯ. ಉದ್ದದ ಬಿಲ್ಲನ್ನು ಕಡಿಮೆ ಎಳೆದಾಗ ಹೆದೆ ಮುಖದ ಹತ್ತಿರ ಹೆಚ್ಚು ನೇರ ನಿಲ್ಲುತ್ತದೆ. ಗದ್ದದಿಂದ ಮೂಗಿನವರೆಗೆ ಒತ್ತುತ್ತದೆ. ಹುಡುಗಿ ತಲೆ ಹಿಂದಕ್ಕೆ ಒಯ್ಯುತ್ತಿದ್ದದ್ದಕ್ಕೆ ಇದೂ ಒಂದು ಕಾರಣ, ಮೂಗು ಉಳಿಸಿಕೊಳ್ಳುತ್ತಿದ್ದಳು. 64ರಲ್ಲಿ ಹೆದೆ ಸ್ವಲ್ಪ ಜಾಸ್ತಿ ಓರೆಯಾಗಿ ಮುಂದಕ್ಕೆ ಹೋಗುತ್ತದೆ. ಮೂಗಿನ ತುದಿಗೆ ಹಗುರವಾಗಿ ತಾಗಿ ನಿಲ್ಲುತ್ತದೆ. ನಾನು ಏನೂ ಹೇಳಿಕೊಟ್ಟಿರಲಿಲ್ಲ. ನಾಲ್ಕನೇ ಬಾಣಕ್ಕೆ ಅವಳ ತಲೆ ತಾನಾಗಿ ನೇರ ನಿಂತಿತ್ತು. "ಸರ್, ಮೂಗಿಗೆ ಜೋರ್ ಹತ್ತವಲ್ದು" ಅಂದಳು. ಹಿಂದೆ ಹೇಳಿಕೊಟ್ಟವರು ಒಂದು ವರ್ಷ ಬೈದು ತಿದ್ದಲು ನೋಡಿದ ತಲೆ ಅದು.

62ರ ಮರದ ಬಿಲ್ಲೂ ಅವಳಿಗೆ ಹಿತವಾಗಿತ್ತು. ಬಿಲ್ಲು ಬಹಳ ಗಿಡ್ಡವಾದರೆ ಹೆದೆ ಚೂಪಾಗಿ ಮಡಚಿ ಬೆರಳು ಹಿಂಡುತ್ತದೆ ಅನ್ನುವ ಭಯ ಇರುತ್ತದಲ್ಲ, 24 ಇಂಚಿನ ಎಳೆತಕ್ಕೆ ಅದು ಬರಲೇ ಇಲ್ಲ. ಆದರೆ ಅದು 19 ಪೌಂಡ್ ಮಾತ್ರ ಕೊಡುತ್ತಿತ್ತು. ಬಿಟ್ಟ ಮೇಲೆ ಕೈಯಲ್ಲಿ ಚಡಪಡಿಸುತ್ತಿತ್ತು. ಇನ್ನೆರಡು ಇಂಚು ಅವಳು ಬೆಳೆದರೆ ಅದು ಮುಗಿಯಿತು.

66ಕ್ಕೂ 64ಕ್ಕೂ ನಡುವಿನ ವಾದ

ಇಲ್ಲಿ ಬೆಳಗಾವಿಯ ಗೆಳೆಯರಿಗೂ ನನಗೂ ಅಭಿಪ್ರಾಯ ಬೇರೆಯಾಯಿತು. ಅವರ ಮಾತು: ರೈಸರ್ ಆಗಲೇ ಇದೆ, ಬರೀ ಶಾರ್ಟ್ ಲಿಂಬ್ ತಂದರೆ 66 ಆಗುತ್ತದೆ, ದುಡ್ಡು ಉಳಿಯುತ್ತದೆ, ಹುಡುಗಿ ಬೆಳೆಯುತ್ತಾಳೆ. ತೂಕ ಬೇಕಿದ್ದರೆ 30 ಬರೆದ ಲಿಂಬ್ ತನ್ನಿ. ಇದು ಬುದ್ಧಿವಂತ ಮಾತು. ಸಾಮಾನ್ಯ ಪಟ್ಟಿಗಳಲ್ಲೂ 24 ಇಂಚಿನ ಎಳೆತ ಸರಿಯಾಗಿ 64 ಮತ್ತು 66ರ ಗಡಿಯ ಮೇಲೆ ಕೂರುತ್ತದೆ.

ನಾನು 64ರ ಕಡೆ ವಾಲಿದ್ದಕ್ಕೆ ಕಾರಣ ಅವಳ ಎಡ ಭುಜ. 25ರ ರೈಸರ್‌ಗೆ ಸೈಟ್, ಬಿಲ್ಲು ಅಲುಗದಂತೆ ಹಾಕುವ ಸ್ಟೆಬಿಲೈಸರ್ ಕೋಲು ಎಲ್ಲ ಸೇರಿದರೆ ಆ ಭಾರವನ್ನು ಚಾಚಿದ ಕೈಯಲ್ಲಿ ಹಿಡಿಯಬೇಕು. 23ರ ರೈಸರ್ ನಮ್ಮ ತೂಕದಲ್ಲಿ ನೂರು ಗ್ರಾಂಗೂ ಮಿಕ್ಕಿ ಹಗುರ ಬಂತು. ದೊಡ್ಡವರಿಗೆ ಇದು ಏನೂ ಅಲ್ಲ. 36 ಕಿಲೋ ತೂಗುವ, ಭುಜ ಏರಿಸುವ ಅಭ್ಯಾಸ ಈಗಷ್ಟೇ ಬಿಡುತ್ತಿರುವ ಹುಡುಗಿಗೆ ಅರವತ್ತನೇ ಬಾಣದ ಹೊತ್ತಿಗೆ ಗೊತ್ತಾಗುತ್ತದೆ. ಎರಡೂ ಬಿಲ್ಲಿನಲ್ಲಿ ಆರಾರು ಬಾಣದ ಹತ್ತು ಸುತ್ತು ಬಿಡಿಸಿ ನೋಡಿದೆ. 66ರಲ್ಲಿ ಎಂಟನೇ ಸುತ್ತಿಗೆ ಭುಜ ಏರಲು ಶುರುವಾಯಿತು. 64ರಲ್ಲಿ ಹತ್ತೂ ಸುತ್ತು ಕೆಳಗೇ ಇತ್ತು. ಬೆರಳ ಮೇಲೆ ಒಂದೂವರೆ ಪೌಂಡ್ ಜಾಸ್ತಿ ಇದ್ದರೂ ಹೀಗೆ! ಗೆಳೆಯರಿಗೆ ವಿಡಿಯೋ ಕಳಿಸಿದೆ. ನೋಡಿ ಒಪ್ಪಿದರು.

ಇನ್ನೊಂದು ಮಾತು. ಅವಳ ಎಳೆತ 25 ದಾಟಿದ ಮೇಲೆ ಅದೇ 23ರ ರೈಸರ್‌ಗೆ ಮೀಡಿಯಂ ಲಿಂಬ್ ಹಾಕಿದರೆ 66 ಆಗುತ್ತದೆ. ಮೀಡಿಯಂ ಲಿಂಬ್ ಅವಳ ಹತ್ತಿರ ಆಗಲೇ ಇದೆ! ಹಳೆಯ ಬಿಲ್ಲಿನಲ್ಲಿ ಹಾಕಿದ ದುಡ್ಡು ಪೂರ್ತಿ ಹಾಳಾಗಲಿಲ್ಲ. ಹಳೆಯ 25ರ ರೈಸರ್ ಅನ್ನು ಎತ್ತರದ ಹುಡುಗನೊಬ್ಬನ ಮನೆಯವರು ಕೊಂಡರು, ಆ ದುಡ್ಡಿಗೆ ಸ್ವಲ್ಪ ಸೇರಿಸಿ 23ರದ್ದು ಬಂತು. ಶಾರ್ಟ್ ಲಿಂಬ್ ಗೆಳೆಯರೇ ಕಂತಿನಲ್ಲಿ ಕೊಟ್ಟರು.

ಬಾಣ: ನಿಜವಾದ ಬದಲಾವಣೆ ಇಲ್ಲಿತ್ತು

ಬಿಲ್ಲಿನ ಬಗ್ಗೆ ಇಷ್ಟು ಬರೆದೆ. ಆದರೆ ಅಂಕದಲ್ಲಿ ಅತಿ ದೊಡ್ಡ ವ್ಯತ್ಯಾಸ ತಂದದ್ದು ಬಾಣ.

ಊರಿನ ಅಕ್ಕಸಾಲಿಗರ ಅಂಗಡಿಯ ತಕ್ಕಡಿಯಲ್ಲಿ ಹಳೆಯ ಬಾಣ ತೂಗಿಸಿದೆವು. 22 ಗ್ರಾಂ. ಸ್ಪೈನ್ 900 ಅಂದರೆ ಅವಳ ಬಿಲ್ಲಿಗೆ ಬಹಳ ಗಡಸು. ಸ್ಪೈನ್ ಅಂಕಿ ಹೇಳುವುದು ಬಾಣ ಎಷ್ಟು ಬಾಗುತ್ತದೆ ಅನ್ನುವುದನ್ನು. 28 ಇಂಚು ಅಂತರದ ಎರಡು ಆಸರೆಯ ಮೇಲೆ ಬಾಣ ಇಟ್ಟು, ನಡುವೆ 880 ಗ್ರಾಂ ತೂಗು ಹಾಕಿದಾಗ ಇಂಚಿನ ಸಾವಿರದಲ್ಲಿ ಎಷ್ಟು ಪಾಲು ತಗ್ಗುತ್ತದೋ ಅದೇ ಆ ಅಂಕಿ. ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಗಡಸು ಬಾಣ ಬಿಲ್ಲನ್ನು ಬಿಡುವಾಗ ಸರಿಯಾಗಿ ಬಾಗದೆ, ಬಲಗೈಯಲ್ಲಿ ಎಳೆಯುವವರಿಗೆ ಎಡಕ್ಕೆ ಹೋಗುತ್ತದೆ. ಮೊದಲ ದಿನ ಕಂಡ ಎಡಕ್ಕೆ ಹೋಗುವ ಚಾಳಿಯಲ್ಲಿ ಹುಡುಗಿಯ ಕೈಯ ದೋಷಕ್ಕಿಂತ ಬಾಣದ ದೋಷ ಜಾಸ್ತಿ ಇತ್ತು.

ಸ್ಪೈನ್ 1500ರ ತೆಳ್ಳನೆ ಕಾರ್ಬನ್ ಬಾಣ ತರಿಸಿದೆವು. ಮೊದಲೇ ಕತ್ತರಿಸಲಿಲ್ಲ. ಮೂರು ಬಾಣಕ್ಕೆ ಗರಿ ಅಂಟಿಸಿ, ಎರಡನ್ನು ಗರಿ ಇಲ್ಲದೆ ಬಿಟ್ಟು 18 ಮೀಟರ್‌ನಿಂದ ಬಿಡಿಸಿದೆ. ಗರಿ ಇಲ್ಲದವು ಬಲಕ್ಕೆ ಬಿದ್ದವು, ಅಂದರೆ ಇನ್ನೂ ಮೆತ್ತಗೆ. ಅರ್ಧರ್ಧ ಇಂಚು ಕತ್ತರಿಸುತ್ತ ಬಂದೆವು. ಗಿಡ್ಡವಾದಷ್ಟೂ ಬಾಣ ಗಡಸಾಗುತ್ತದೆ. 25.5 ಇಂಚಿಗೆ ಬಂದಾಗ ಗರಿ ಇದ್ದವು, ಇಲ್ಲದವು ಒಂದೇ ಕಡೆ ಸೇರಿದವು. ಅಲ್ಲಿಗೆ ನಿಲ್ಲಿಸಿದೆವು. ತೂಕ ಹದಿನಾಲ್ಕೂವರೆ ಗ್ರಾಂ.

ಬಾಣವನ್ನು ಎಳೆತಕ್ಕೆ ಸರಿಸಮ ಕತ್ತರಿಸಬೇಡಿ. ಬೆಳೆಯುವ ಮಕ್ಕಳಿಗಂತೂ ಬೇಡವೇ ಬೇಡ. ಜಾಸ್ತಿ ಎಳೆದ ದಿನ ಬಾಣದ ಮೊನೆ ಅದನ್ನು ಹೊರುವ ಪುಟ್ಟ ಆಸರೆ ರೆಸ್ಟ್‌ನಿಂದ ಹಿಂದಕ್ಕೆ ಜಾರಿದರೆ ಅದು ಬಿಲ್ಲು ಹಿಡಿದ ಕೈಯ ಒಳಗೇ ಹೋಗಬಹುದು. ಒಂದು ಇಂಚಾದರೂ ಮುಂದೆ ಉಳಿಯಬೇಕು.

ಹೀಗೆ ಉದ್ದ ಬಿಟ್ಟಿದ್ದರಿಂದ ಒಂದು ತೊಡಕು ಬಂತು. ಎಳೆತ ಪೂರ್ತಿಯಾಯಿತು ಅಂತ ಟಕ್ಕನೆ ಸದ್ದು ಮಾಡಿ ತಿಳಿಸುವ ಕ್ಲಿಕ್ಕರ್ ಅನ್ನು ಸಾಮಾನ್ಯವಾಗಿ ರೈಸರ್‌ಗೆ ಹಾಕುತ್ತಾರೆ. ಅವಳ ಬಾಣದ ಮೊನೆ ರೈಸರ್ ದಾಟಿ ಮುಂದೆ ನಿಲ್ಲುತ್ತಿತ್ತು. ಸೈಟ್‌ನ ಕೋಲಿಗೆ ಕಟ್ಟುವ ಕ್ಲಿಕ್ಕರ್ ಸಿಗುತ್ತದೆ, ಅದನ್ನು ತರಿಸಿದೆವು. ಆದರೆ ಎರಡು ತಿಂಗಳು ಹಾಕಲಿಲ್ಲ. ಎಳೆತ ನೆಲೆ ನಿಲ್ಲುವ ಮೊದಲು ಕ್ಲಿಕ್ಕರ್ ಹಾಕಿದರೆ ಮಕ್ಕಳು ಮತ್ತೆ ಸದ್ದಿನ ಬೆನ್ನು ಹತ್ತಿ ಭುಜ ಏರಿಸುತ್ತಾರೆ. "ಇನ್ನೂ ಎಳಿ" ಅನ್ನುವುದನ್ನು ಆಗ ಒಂದು ಕಬ್ಬಿಣದ ಪಟ್ಟಿ ಹೇಳುತ್ತದೆ, ಅಷ್ಟೇ.

ಹೆದೆಯ ಕೆಲಸ ಅಪ್ಪನದು

ಇದು ನಾನು ಯೋಚಿಸದೇ ಬಂದ ಭಾಗ. 64ಕ್ಕೆ ಹೊಸ ಹೆದೆ ಬೇಕಿತ್ತು. ದಾರ ತರಿಸಿ ನಾನೇ ಕಟ್ಟಲು ಕೂತೆ. ಅಪ್ಪ ಪಕ್ಕದಲ್ಲಿ ಕೂತು ನೋಡಿದರು. ಎರಡನೇ ಸಲಕ್ಕೆ "ಕೊಡ್ರಿಲ್ಲೆ" ಅಂದು ಇಸಿದುಕೊಂಡರು. ದಿನವಿಡೀ ಹಾಸಿನ ಎಳೆಗಳ ಬಿಗಿತ ನೋಡಿಕೊಳ್ಳುವ ಕೈ ಅದು. ಒಂದು ಎಳೆ ಸಡಿಲವಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಎಲ್ಲ ಎಳೆಯೂ ಒಂದೇ ಬಿಗಿಯಲ್ಲಿ ಕೂತವು. ನಾಕ್ ಕೂರುವ ಜಾಗದ ಸುತ್ತು ಒಂದರ ಪಕ್ಕ ಒಂದು, ಖಣದ ಅಂಚಿನ ಹಾಗೆ.

16 ಎಳೆಯ ಬದಲು 14 ಎಳೆಗೆ ಇಳಿಸಿದೆವು. ಇಷ್ಟು ಹಗುರ ಬಿಲ್ಲಿಗೆ ಅಷ್ಟು ಸಾಕು. ಹೆದೆ ಹಗುರವಾದರೆ ಬಾಣಕ್ಕೆ ಸ್ವಲ್ಪ ಲಾಭ. ನಾಕ್ ಸಡಿಲವಾಗದಂತೆ ಸುತ್ತುವ ದಾರ ಸ್ವಲ್ಪ ದಪ್ಪದ್ದು ಹಾಕಿದರು. ಹೆದೆಯ ತಿರುವು ಕಡಿಮೆ ಮಾಡಿ ಬ್ರೇಸ್ ಹೈಟ್ 8.25 ಇಂಚಿಗೆ ತಂದೆವು. ಹಳೆಯದಕ್ಕಿಂತ ಅರ್ಧ ಇಂಚು ಕೆಳಗೆ. ಅಂದರೆ 13.5 ಇದ್ದ ಓಟ 14 ಇಂಚಾಯಿತು. ಗಿಡ್ಡ ಎಳೆತದವರಿಗೆ ಅರ್ಧ ಇಂಚೂ ಬಂಗಾರವೇ. ಇನ್ನೂ ಇಳಿಸಿ ನೋಡಿದೆವು, 8ಕ್ಕೆ ಬಂದಾಗ ಹೆದೆ ಸದ್ದು ಮಾಡಿತು, ಮುಂಗೈಗೆ ಬಡಿಯಿತು. ಮತ್ತೆ ತಿರುವು ಹಾಕಿ ವಾಪಸ್ ಬಂದೆವು.

ಈಗ ನಮ್ಮ ಮೈದಾನದ ಒಂಬತ್ತು ಮಕ್ಕಳ ಬಿಲ್ಲಿಗೆ ಹೆದೆ ಅವರೇ ಕಟ್ಟಿಕೊಡುತ್ತಾರೆ.

ಐದು ತಿಂಗಳ ನಂತರ

ಜೂನ್‌ನಲ್ಲಿ 30 ಮೀಟರ್‌ಗೆ 36 ಬಾಣ ಬಿಟ್ಟಾಗ 360ಕ್ಕೆ 214 ಬಂದಿತ್ತು. ನವೆಂಬರ್ ಕೊನೆಗೆ 271. ಇದೆಲ್ಲ ಬಿಲ್ಲು, ಬಾಣದ ಪುಣ್ಯ ಅಂತ ನಾನು ಹೇಳುವುದಿಲ್ಲ. ಮೂರು ವಾರ ರಬ್ಬರ್ ಎಳೆದ ಸಹನೆ ಅವಳದು, ಬೆಳಿಗ್ಗೆ ಮೊದಲ ಬಸ್ಸು ಹಿಡಿದ ಕಾಲು ಅವಳದು. ಆದರೆ ಪಿನ್ ಮಾತ್ರ ಸುಳ್ಳು ಹೇಳುವುದಿಲ್ಲ. ಈಗ 50 ಮೀಟರ್‌ಗೂ ಪಿನ್ ಸೈಟ್‌ನ ಒಳಗೇ ಇದೆ, ಗರಿ ತಾಗುವುದಿಲ್ಲ. 18 ವರ್ಷದೊಳಗಿನವರ ದೂರ 60 ಮೀಟರ್. ಅಲ್ಲಿಗೆ ಇನ್ನೂ ಮೂರು ನಾಲ್ಕು ಪೌಂಡ್ ಬೇಕು. ಅವಸರ ಇಲ್ಲ, ಅವಳಿಗೆ ವಯಸ್ಸಿದೆ.

ಬಗೆಹರಿಯದ್ದೂ ಒಂದು ಇದೆ. ಹದಿನಾಲ್ಕೂವರೆ ಗ್ರಾಂ ಬಾಣವನ್ನು ನಮ್ಮ ಬಯಲಿನ ಗಾಳಿ ಎತ್ತಿಕೊಂಡು ಹೋಗುತ್ತದೆ. ಜೋರು ಗಾಳಿಯ ದಿನ ಅವಳ ಬಾಣಗಳು ಕೆಂಪು ಬಿಟ್ಟು ನೀಲಿಗೆ ಹರಡುತ್ತವೆ. ಮೊನೆ ಸ್ವಲ್ಪ ಭಾರದ್ದು ಹಾಕಬಹುದು, ಆದರೆ ಆಗ ಬಾಣ ಮತ್ತೆ ಮೆತ್ತಗಾಗುತ್ತದೆ, ಕತ್ತರಿಸಬೇಕಾಗುತ್ತದೆ. ಕತ್ತರಿಸಲು ಉಳಿದಿರುವುದೇ ಸ್ವಲ್ಪ. ಸದ್ಯಕ್ಕೆ ಗಾಳಿಗೆ ಎಷ್ಟು ಪಕ್ಕಕ್ಕೆ ಗುರಿ ಹಿಡಿಯಬೇಕು ಅನ್ನುವುದನ್ನೇ ಕಲಿಸುತ್ತಿದ್ದೇನೆ.

ಕಳೆದ ವಾರ ಮತ್ತೆ ಅಳೆದೆ. ಎತ್ತರ 149, ಎಳೆತ 24.5. ಕೊಕ್ಕೆಯ ತೂಕದಲ್ಲಿ ಬೆರಳ ಮೇಲೆ 24 ಪೌಂಡ್ ದಾಟಿದೆ. ಬೋಲ್ಟ್ ಅರ್ಧ ಸುತ್ತು ಸಡಿಲಿಸಿದೆ. ಮೀಡಿಯಂ ಲಿಂಬ್ ಅವರ ಮನೆಯಲ್ಲಿ ಮಗ್ಗದ ಮೇಲಿನ ಅಟ್ಟದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ. 66ರ ಹೆದೆಗೆ ದಾರ ಎಷ್ಟು ಬೇಕು ಅಂತ ಅಪ್ಪ ಮೊನ್ನೆ ಫೋನ್ ಮಾಡಿ ಕೇಳಿದರು. ಇನ್ನೂ ಅರ್ಧ ಇಂಚು ತಡೀರಿ ಅಂದೆ.